ಹೊರಗೆ ಹೋಗುತ್ತಿದ್ದ ನೂರಿಪ್ಪತ್ತೊಂದು ಬಿಲ್ಲೆಗಳು

ಏಪ್ರಿಲ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹಾಯೆಕ್ ಬಾಗಿಲು ತಟ್ಟಿದಾಗ ದ್ರಾಹೊಮಿರಾ ಶಿಂದೆಲಾರೊವಾ ಅಡುಗೆಮನೆಯ ಕಿಟಕಿಯಲ್ಲಿ ಟೊಮೆಟೊ ಸಸಿಗಳನ್ನು ಸಣ್ಣ ಕುಂಡಗಳಿಂದ ದೊಡ್ಡ ಕುಂಡಗಳಿಗೆ ಬದಲಾಯಿಸುತ್ತಿದ್ದರು. ಪ್ರತಿ ಕುಂಡದ ಮೇಲೂ ಬಿತ್ತಿದ ದಿನಾಂಕ ಬರೆದ ಚೀಟಿ ಇತ್ತು. ಯೆದ್ಲೊವೆಟ್ಸ್ ಊರಿನ ಶಾಲೆಯಲ್ಲಿ ಮೂವತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಅವರಿಗೆ ದಿನಾಂಕವಿಲ್ಲದ ವಸ್ತುವನ್ನು ಕಂಡರೆ ಆಗುತ್ತಿರಲಿಲ್ಲ.

ಹಾಯೆಕ್ ಶೂ ಬಿಚ್ಚಿ, ಅತಿಥಿಗಳಿಗೆಂದು ಬಾಗಿಲ ಬಳಿ ಇಟ್ಟಿದ್ದ ಹೂವಿನ ಚಿತ್ರದ ಚಪ್ಪಲಿಯೊಳಗೆ ಕಾಲು ತುರುಕಿಕೊಂಡ. ಅರ್ಧ ಹಿಮ್ಮಡಿ ಹೊರಗೇ ಉಳಿಯಿತು. ಊರಿನ ಐಸ್ ಹಾಕಿ ಕ್ಲಬ್ಬಿನ ವ್ಯವಸ್ಥಾಪಕನಾದ ಅವನಿಗೆ ಈಗ ಐವತ್ತೊಂದು ವರ್ಷ. ಆದರೆ ಈ ಮನೆಯಲ್ಲಿ ಅವನು ಮೂರನೇ ಬೆಂಚಿನ ಹಾಯೆಕ್ ಮಾತ್ರ.

“ಟೀಚರ್, ಒಂದ್ ವಿಷ್ಯ ಕೇಳ್ಬೇಕಿತ್ತು. ಬೇಜಾರ್ ಮಾಡ್ಕೋಬಾರ್ದು.”

“ನೀನು ಹಾಗಂದಾಗಲೆಲ್ಲ ಬೇಜಾರಾಗೋ ವಿಷ್ಯಾನೇ ತಂದಿರ್ತೀಯ. ಕೂತ್ಕೋ. ಕೇಕ್ ತಿಂತೀಯಾ?”

“ತಿಂದ್ಮೇಲೆ ಹೇಳ್ಲಾ, ಹೇಳಿದ್ಮೇಲೆ ತಿನ್ಲಾ?”

“ಹೇಳಿ ತಿನ್ನು. ಆಮೇಲೆ ಕೊಡ್ತೀನೋ ಇಲ್ವೋ ನೋಡೋಣ.”

ಹಾಯೆಕ್ ಜೇಬಿನಿಂದ ಎರಡಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಸವರಿ ಹರಡಿದ. ದ್ರಾಹೊಮಿರಾ ಕನ್ನಡಕ ಹಾಕಿಕೊಳ್ಳುವ ಮೊದಲೇ ಅದು ತಮ್ಮ ಕೈಯಿಂದ ಹುಟ್ಟಿದ ಅಂಕಿಗಳೆಂದು ಗುರುತಿಸಿದರು. ಕಳೆದ ಹತ್ತೊಂಬತ್ತು ಚಳಿಗಾಲಗಳಿಂದ ಊರಿನ ಹಿಮದಂಗಳದಲ್ಲಿ ನಡೆದ ಪ್ರತಿ ಪಂದ್ಯದಲ್ಲೂ ಅವರು ಅಧಿಕಾರಿಗಳ ಮೇಜಿನ ಬಳಿ, ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು ಕುಳಿತು, ಗೋಲಿನತ್ತ ಹೊಡೆದ ಹೊಡೆತಗಳನ್ನು ಪೆನ್ಸಿಲಿನಿಂದ ಗೀಟು ಹಾಕಿ ಎಣಿಸುತ್ತಿದ್ದರು. ಒಬ್ಬ ಗೋಲ್‌ಕೀಪರ್ ನೂರರಲ್ಲಿ ಎಷ್ಟನ್ನು ತಡೆದ ಎಂಬುದು ಆ ಗೀಟುಗಳಿಂದಲೇ ತಿಳಿಯಬೇಕು. ನಿಯಮ ಸರಳ: ತಡೆಯದಿದ್ದರೆ ಗೋಲಿನ ಒಳಗೆ ಹೋಗುತ್ತಿತ್ತು ಎನ್ನುವಂಥ ಹೊಡೆತಕ್ಕೆ ಮಾತ್ರ ಗೀಟು. ಕಂಬಕ್ಕೆ ಬಡಿದದ್ದು, ಪಕ್ಕಕ್ಕೆ ಹೋದದ್ದು ಲೆಕ್ಕಕ್ಕಿಲ್ಲ.

“ನಮ್ಮ ರಾದೋವನ್ ಈ ಸಲ ಇಲ್ಲಿ ಇಪ್ಪತ್ತೆರಡು ಪಂದ್ಯ ಆಡಿದಾನೆ,” ಎಂದ ಹಾಯೆಕ್. “ನಿಮ್ಮ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆರಡೂವರೆ. ಬೇರೆ ಊರುಗಳಲ್ಲಿ ಆಡಿದ್ದು ನೋಡಿದ್ರೆ ತೊಂಬತ್ತೊಂದೂ ಇಲ್ಲ. ಅಧ್ಯಕ್ಷರು ಇದನ್ನ ಹಿಡ್ಕೊಂಡು ಕೂತಿದಾರೆ. ಎರಡ್ರಲ್ಲಿ ಒಂದು ಸುಳ್ಳು ಅಂತಾರೆ.”

“ಮನೆಯ ಅಂಗಳದಲ್ಲಿ ಎಲ್ಲರೂ ಚೆನ್ನಾಗಿ ಆಡ್ತಾರೆ.”

“ನಾನೂ ಅದನ್ನೇ ಅಂದೆ. ಆದ್ರೆ ಎದುರು ತಂಡದ ಗೋಲ್‌ಕೀಪರ್‌ಗಳದ್ದು ನಿಮ್ಮ ಲೆಕ್ಕ ಎಲ್ಲರ ಲೆಕ್ಕಕ್ಕೂ ತಾಳೆಯಾಗ್ತಿದೆ, ಟೀಚರ್. ರಾದೋವನ್ ಒಬ್ಬಂದು ಮಾತ್ರ ಆಗ್ತಿಲ್ಲ.”

ದ್ರಾಹೊಮಿರಾ ಎದ್ದು ಅವನಿಗೆ ಕೇಕ್ ಕತ್ತರಿಸಿಕೊಟ್ಟರು. ತುಂಡು ಎಂದಿಗಿಂತ ತೆಳ್ಳಗಿತ್ತು.

ವಿಷಯದ ತೂಕ ಅವರಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ರಾದೋವನ್ ಕುಬಿಷ್ತಾನಿಗೆ ಮೂವತ್ತೇಳು ವರ್ಷ. ಹನ್ನೊಂದು ವರ್ಷಗಳಿಂದ ಅವನೇ ಗೋಲಿನಲ್ಲಿ. ಒಪ್ಪಂದ ಮುಗಿದಿತ್ತು, ಅವನು ಮೂರು ವರ್ಷದ ಹೊಸ ಒಪ್ಪಂದ ಕೇಳಿದ್ದ. ಮರದ ಮಿಲ್ಲಿನ ಮಾಲೀಕರೂ ಆದ ಕ್ಲಬ್ಬಿನ ಅಧ್ಯಕ್ಷರು, “ಆ ವಯಸ್ಸಿನ ಗೋಲ್‌ಕೀಪರ್ ಹತ್ರ ಸಹಿ ಹಾಕಿಸೋದು ಅಂದ್ರೆ ಅವನ ಹತ್ರ ಅಲ್ಲ, ಅವನ ಮೊಣಕಾಲುಗಳ ಹತ್ರ ಹಾಕಿಸಿದ ಹಾಗೆ” ಎಂದಿದ್ದರು. ಗಡಿಯಾಚೆ ಆಸ್ಟ್ರಿಯಾದ ಒಂದು ಕ್ಲಬ್ ರಾದೋವನ್‌ನನ್ನು ತರಬೇತುದಾರನಾಗಿ ಕರೆದಿತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಇಲ್ಲಿ ಆಗದಿದ್ದರೆ ಹೆಂಡತಿ ಮಕ್ಕಳೊಂದಿಗೆ ಅವನು ಹೊರಡುವವನೇ.

“ಎಲ್ಲ ಪಂದ್ಯಗಳ ವೀಡಿಯೊ ಇದೆಯಲ್ಲ?” ಎಂದು ದ್ರಾಹೊಮಿರಾ ಕೇಳಿದರು.

“ಇದೆ.”

“ತಂದ್ಕೊಡು. ಬುಧವಾರ ಸಂಜೆಯೊಳಗೆ ಮತ್ತೆ ಎಣಿಸ್ತೀನಿ.”

ಹಾಯೆಕ್ ಚಪ್ಪಲಿ ಎಳೆಯುತ್ತ ಬಾಗಿಲವರೆಗೆ ಹೋಗಿ ತಿರುಗಿ ನಿಂತ. “ಟೀಚರ್, ನಂಗೆ ನಿಮ್ಮ ಮೇಲೆ ಅನುಮಾನ ಇಲ್ಲ.”

“ಇರಬೇಕು ಕಣೋ. ಅನುಮಾನ ಇಲ್ಲದವನು ವ್ಯವಸ್ಥಾಪಕ ಆಗೋಕೆ ಲಾಯಕ್ಕಿಲ್ಲ.”

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ನೆರವಿಗೆ ಸ್ಲಾವೋಮಿರ್ ಬಂದ. ಅವನು ನಿವೃತ್ತ ಅಂಚೆಯವನು. ಪಂದ್ಯಗಳಲ್ಲಿ ದ್ರಾಹೊಮಿರಾರ ಪಕ್ಕದ ಕುರ್ಚಿಯಲ್ಲಿ ಕುಳಿತು ತಪ್ಪಾಡಿ ಹೊರಗೆ ಕೂರುವ ಆಟಗಾರರ ಶಿಕ್ಷೆಯ ನಿಮಿಷಗಳ ಗಡಿಯಾರ ನೋಡಿಕೊಳ್ಳುವವನು. ರಮ್ ಬೆರೆಸಿದ ಚಹಾದ ಫ್ಲಾಸ್ಕನ್ನು ಎಂದಿನಂತೆ ತಂದಿದ್ದ. ಅವನು ವೀಡಿಯೊ ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು. ಅವರು ಗೀಟು ಹಾಕುವುದು.

ಮೊದಲ ಪಂದ್ಯದಲ್ಲೇ ಐದು ತಪ್ಪು ಗೀಟುಗಳು ಸಿಕ್ಕವು. ಪಕ್ ಎನ್ನುವ ಆ ಕಪ್ಪು ರಬ್ಬರ್ ಬಿಲ್ಲೆ ಗೋಲಿನ ಕಂಬದಿಂದ ಒಂದು ಗೇಣು, ಒಂದೂವರೆ ಗೇಣು ಹೊರಗೇ ಹೋಗುತ್ತಿತ್ತು. ರಾದೋವನ್ ಪಕ್ಕಕ್ಕೆ ಬಾಗಿ, ಒಂದು ಮೊಣಕಾಲೂರಿ, ಎಡಗೈಯ ಗ್ಲೌಸಿನಲ್ಲಿ ಅದನ್ನು ಹಿಡಿಯುತ್ತಿದ್ದ. ಜನ ಡೋಲು ಬಡಿಯುತ್ತಿದ್ದರು. ಪರದೆಯ ಮೂಲೆಯಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಪೆನ್ಸಿಲ್ ಆಡಿಸುತ್ತಿದ್ದಳು.

“ಇನ್ನೊಂದ್ಸಲ ಹಿಂದಕ್ಕೆ ಓಡಿಸು.”

“ಆರ್ ಸಲ ನೋಡಾಯ್ತಲ್ಲಮ್ಮ. ಹೊರಗೇ ಹೋಗ್ತಿದೆ. ಏಳ್ನೇ ಸಲ ಒಳಕ್ ಬರುತ್ತಾ?”

ಬುಧವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಪಂದ್ಯಗಳೂ ಮುಗಿದವು. ಹಳೆಯ ಹಾಳೆಗಳಲ್ಲಿದ್ದ ಆರುನೂರ ಅರವತ್ತು ಹೊಡೆತಗಳಲ್ಲಿ ನೂರಿಪ್ಪತ್ತೊಂದು ಹೊಡೆತಗಳೇ ಅಲ್ಲ. ಒಳಹೋದ ಗೋಲುಗಳು ನಲವತ್ತೊಂಬತ್ತು. ಹೊಸದಾಗಿ ಭಾಗಿಸಿದರೆ ನೂರಕ್ಕೆ ತೊಂಬತ್ತೊಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ: ಬೇರೆ ಊರುಗಳಲ್ಲಿ ಅವನು ಮಾಡಿದ್ದಷ್ಟೇ. ದ್ರಾಹೊಮಿರಾ ಭಾಗಾಕಾರವನ್ನು ಎರಡು ಬಾರಿ ಮಾಡಿದರು, ಮೂರನೆಯ ಬಾರಿ ಗುಣಿಸಿ ತಾಳೆ ನೋಡಿದರು. ಆಮೇಲೆ ಪೆನ್ಸಿಲನ್ನು ಹಾಳೆಯ ಅಂಚಿಗೆ ಸಮಾನಾಂತರವಾಗಿ ಇಟ್ಟು ಕೈಕಟ್ಟಿ ಕುಳಿತರು.

“ಎದುರು ತಂಡದವರು ಹೊರಗೆ ಹೋಗೋದನ್ನ ಮುಟ್ಟೋದೇ ಇಲ್ಲ. ಬಿಟ್ಟುಬಿಡ್ತಾರೆ. ಅದಕ್ಕೇ ಅವರ ಲೆಕ್ಕ ಸರಿ ಬಂದಿದೆ,” ಎಂದರು. “ಇವನು ಹಿಡೀತಾನೆ. ಇವನು ಹಿಡಿದ ಅಂದ್ರೆ ಗೋಲಿಗೇ ಬರ್ತಿತ್ತು ಅಂತ ನನ್ನ ಕೈ ತಾನಾಗೇ ಗೀಟು ಹಾಕಿದೆ. ಬಿಲ್ಲೆ ನೋಡಿಲ್ಲ ನಾನು, ಅವನನ್ನ ನೋಡಿದೀನಿ.”

“ಪ್ರೀತಿಯಿಂದ ಆದ ತಪ್ಪು ಬಿಡಮ್ಮ. ಯಾರ್ ಗಂಟು ಹೋಯ್ತು?”

“ಆ ಹಾಳೇಲಿ ಪ್ರೀತಿಗೆ ಕಾಲಂ ಇಲ್ಲ ಸ್ಲಾವೋಮಿರ್.”

“ಹಾಯೆಕ್‌ಗೆ ಇದನ್ನ ಕೊಟ್ರೆ ಹುಡುಗ ಊರು ಬಿಡ್ತಾನೆ. ಕೊಡದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ನಾನಂತೂ ಬಾಯ್ಬಿಡಲ್ಲ. ಮೂವತ್ತು ವರ್ಷ ಊರಿನ ಕಾಗದ ಹಂಚಿದೀನಿ, ಒಂದಾದ್ರೂ ಒಡೆದು ಓದಿದೀನಾ?”

“ಪೋಸ್ಟ್‌ಕಾರ್ಡ್ ಎಲ್ಲಾ ಓದಿದೀಯ. ಊರಿಗೇ ಗೊತ್ತು.”

“ಅದು ಒಡೆಯೋ ಅಂಥದ್ದಲ್ವಲ್ಲ!”

ಅವರಿಗೆ ನಗು ಬಂದರೂ ಕಣ್ಣು ಹಾಳೆಯ ಮೇಲೆಯೇ ಇತ್ತು. ಒಂದು ಪ್ರಶ್ನೆ ಉಳಿದಿತ್ತು, ಮತ್ತು ಉತ್ತರ ಸಿಗದ ಪ್ರಶ್ನೆಯನ್ನು ಮೇಜಿನ ಮೇಲೆ ಬಿಟ್ಟು ಏಳುವುದು ಅವರ ಸ್ವಭಾವವಲ್ಲ. ಹೊರಗೆ ಹೋಗುವ ಬಿಲ್ಲೆಯನ್ನು ಹಿಡಿಯಲು ಇಷ್ಟು ಅನುಭವವುಳ್ಳ ಆಟಗಾರ ಮೊಣಕಾಲೂರುವುದಾದರೂ ಏಕೆ? ಬೇರೆ ಊರುಗಳ ಅಂಗಳದಲ್ಲಿ ಅವನು ಹಾಗೆ ಮಾಡುತ್ತಿರಲಿಲ್ಲ. ಅಲ್ಲಿನ ನಾಲ್ಕು ವೀಡಿಯೊಗಳನ್ನು ಅವರು ತಾಳೆಗೆಂದೇ ನೋಡಿದ್ದರು. ಸಂಜೆ ಹಾಯೆಕ್‌ಗೆ ಫೋನ್ ಮಾಡಿ, “ಇನ್ನೊಂದು ದಿನ ಕೊಡು” ಎಂದರು. ಬಳಿಕ ರಾದೋವನ್‌ಗೆ ಫೋನ್ ಮಾಡಿದರು.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಯಾರೂ ಇರಲಿಲ್ಲ. ಆ ವರ್ಷದ ಪಂದ್ಯಗಳು ಮುಗಿದಿದ್ದರಿಂದ ಮರುದಿನ ಹಿಮ ಕರಗಿಸಲಿದ್ದರು. ಆಗಲೇ ಅಂಚುಗಳಲ್ಲಿ ನೀರಾಡುತ್ತಿತ್ತು. ಆಟಗಾರರ ಬೆಂಚಿನಲ್ಲಿ ರಾದೋವನ್ ಹಳೆಯ ಸ್ವೆಟರ್ ತೊಟ್ಟು ಕುಳಿತಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಪ್ರಯೋಗಾಲಯದ ಪರದೆಗೆ ಬೆಂಕಿ ಹಚ್ಚಿದವನು ಇವನೇ. ಅಂದೂ ಹೀಗೆಯೇ ಎರಡು ಕೈಗಳನ್ನು ತೊಡೆಯ ನಡುವೆ ಸೇರಿಸಿಕೊಂಡು ಕುಳಿತಿದ್ದ.

ದ್ರಾಹೊಮಿರಾ ಸುತ್ತುಬಳಸಲಿಲ್ಲ. ಹೊಸ ಲೆಕ್ಕದ ಹಾಳೆಯನ್ನು ಅವನ ಕೈಗಿತ್ತು, ತಪ್ಪು ತಮ್ಮದೆಂದು ಹೇಳಿದರು.

ರಾದೋವನ್ ಓದಿ ನಕ್ಕ. “ಗೊತ್ತಿತ್ತು ಟೀಚರ್.”

“ಏನು ಗೊತ್ತಿತ್ತು?”

“ಪ್ರತಿ ಪಂದ್ಯ ಆದ್ಮೇಲೆ ಹಾಳೆ ನೋಡಿದ್ರೆ ಐದಾರು ಜಾಸ್ತಿ ಇರೋದು. ಹೊಡೆತ ತಿನ್ನೋನು ನಾನಲ್ವಾ? ನಂಗೆ ಎಣಿಕೆ ಇರಲ್ವಾ? ಟೀಚರ್‌ಗೆ ನಾನಂದ್ರೆ ಇಷ್ಟ, ಹೋಗ್ಲಿ ಅಂದ್ಕೊಂಡೆ.”

“ಇಷ್ಟ ಇಲ್ಲ ಅಂತ ಯಾರಂದ್ರು? ಲೆಕ್ಕ ಬೇರೆ. ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಪರದೆ ಸುಟ್ಟಾಗ ಹೇಳಿದೆ. ಒಂದ್ ತಿಂಗಳು ಬೀಕರ್ ತೊಳೆಸಿದ್ರಿ.”

ದ್ರಾಹೊಮಿರಾ ಆ ಮಾತನ್ನು ಕೇಳಿಸಿಕೊಳ್ಳದವರಂತೆ ಮುಂದಿನ ಪ್ರಶ್ನೆಗೆ ಹೋದರು. “ಸರಿ, ಹೊರಗೆ ಹೋಗೋದನ್ನ ಯಾಕೆ ಹಿಡೀತೀಯ?”

ರಾದೋವನ್ ಗೋಲಿನ ಹಿಂದಿನ ಹಲಗೆ ಗೋಡೆಯತ್ತ ಗಲ್ಲದಿಂದ ಸನ್ನೆ ಮಾಡಿದ. “ಅದಕ್ಕೆ. ಬೇರೆ ಊರಲ್ಲೆಲ್ಲ ಪ್ಲಾಸ್ಟಿಕ್ಕು, ಬಿಲ್ಲೆ ಬಡಿದ್ರೆ ಅಲ್ಲೇ ಸತ್ತು ಬೀಳುತ್ತೆ. ನಮ್ಮದು ಬೀಚ್ ಮರ. ಅಧ್ಯಕ್ಷರ ಅಪ್ಪ ಕೊಟ್ಟ ಹಲಗೆ. ಬಡಿದ್ರೆ ಎಗರಿ ವಾಪಸ್ ಸೀದಾ ಗೋಲಿನ ಮುಂದಕ್ಕೇ ಬರುತ್ತೆ, ಅಲ್ಲಿ ಎದುರಿನೋನು ಕೋಲು ಹಿಡ್ಕೊಂಡು ಕಾಯ್ತಿರ್ತಾನೆ. ನಾನು ತಿರುಗಿ ನೋಡೋದ್ರೊಳಗೆ ಗೋಲು. ಈ ತಂಡಕ್ಕೆ ಬಂದ ಮೊದಲ ವರ್ಷ ಹಾಗೆ ಹನ್ನೆರಡು ತಿಂದೆ. ಆಮೇಲೆ ಬುದ್ಧಿ ಬಂತು.”

ದ್ರಾಹೊಮಿರಾ ಚೀಲದಿಂದ ನೋಟುಬುಕ್ಕು ತೆಗೆದರು. ವೀಡಿಯೊ ನೋಡುವಾಗ ಗೋಲುಗಳು ಹೇಗಾದವೆಂದು ಬರೆದಿಟ್ಟ ಪುಟ ಅದರಲ್ಲಿತ್ತು. ಈ ಅಂಗಳದಲ್ಲಿ ಹಲಗೆಯಿಂದ ಮರಳಿದ ಬಿಲ್ಲೆಯಿಂದ ಎದುರು ತಂಡದ ಗೋಲ್‌ಕೀಪರ್‌ಗಳು ತಿಂದ ಗೋಲು ಹದಿನಾಲ್ಕು. ರಾದೋವನ್ ತಿಂದದ್ದು ಎರಡು. ಅವರು ಆ ಎರಡು ಅಂಕಿಗಳ ಕೆಳಗೆ ಗೆರೆ ಎಳೆದರು.

“ಹಾಯೆಕ್‌ನ ಕರಿ. ಸ್ಕೇಟ್ಸ್ ತರೋಕೆ ಹೇಳು. ನೀನು ಪ್ಯಾಡ್ ಕಟ್ಕೋ.”

“ಯಾಕೆ ಟೀಚರ್?”

“ಬಾಯಲ್ಲಿ ಹೇಳಿದ್ರೆ ಅಧ್ಯಕ್ಷರು ನಂಬ್ತಾರಾ? ಪ್ರಯೋಗ ಮಾಡ್ಬೇಕು.”

ಹಾಯೆಕ್ ಒಂದು ಕಾಲದಲ್ಲಿ ಇದೇ ತಂಡದ ಮುಂಪಡೆಯಲ್ಲಿ ಆಡಿದವನು. ಸ್ಕೇಟ್ಸ್ ಕಟ್ಟಿಕೊಳ್ಳಲು ಅವನಿಗೆ ಬಗ್ಗಲಾಗದೆ, ದ್ರಾಹೊಮಿರಾರ ಜೊತೆ ಬಂದಿದ್ದ ಸ್ಲಾವೋಮಿರ್ ಕಟ್ಟಿಕೊಟ್ಟ. “ಉಸಿರು ಬಿಡಪ್ಪ, ಹೊಟ್ಟೆ ಸರಿಯೋವರೆಗೂ ಲೇಸ್ ಕಾಣಲ್ಲ.” ಕಂಬದ ಹೊರಗೆ ಒಂದು ಗೇಣಿನಿಂದ ಎರಡು ಗೇಣಿನವರೆಗಿನ ಜಾಗವನ್ನು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಗುರುತು ಮಾಡಲಾಯಿತು. ಗೋಲಿನಿಂದ ದೂರದಲ್ಲಿ ಹಿಮದ ಮೇಲಿರುವ ನೀಲಿ ಗೆರೆಯಿಂದ ಐವತ್ತು ಹೊಡೆತ, ಗೋಲಿನಲ್ಲಿ ಯಾರೂ ಇಲ್ಲ. ಆಮೇಲೆ ಐವತ್ತು ಹೊಡೆತ, ರಾದೋವನ್‌ನೊಂದಿಗೆ. ಗುರುತು ತಪ್ಪಿದ್ದನ್ನು ಮತ್ತೆ ಹೊಡೆಯಬೇಕು.

“ಮತ್ತೆ ಹೊಡೀಬೇಕಾ?” ಹಾಯೆಕ್ ಏದುಸಿರಿನಲ್ಲಿ ಕೇಳಿದ.

“ಗುರುತಿಗಿಂತ ಅಂಗೈಯಗಲ ಆಚೆ ಹೋಯ್ತು.”

“ಅಂಗೈಯಗಲ!”

“ನಂಗೆ ಉತ್ತರ ಬೇಕು, ಹಾಯೆಕ್. ಅಂದಾಜು ಅಲ್ಲ.”

ಮೊದಲ ಐವತ್ತರಲ್ಲಿ ಮೂವತ್ತೊಂದು ಬಿಲ್ಲೆಗಳು ಹಲಗೆಗೆ ಬಡಿದು ಗೋಲಿನ ಮುಂದಕ್ಕೆ ಮರಳಿದವು. ಸ್ಲಾವೋಮಿರ್ ಪೊರಕೆ ಹಿಡಿದು, ಜಾರದಂತೆ ಪುಟ್ಟ ಹೆಜ್ಜೆಯಿಡುತ್ತ ಅವುಗಳನ್ನು ಗುಡಿಸಿ ಕೊಟ್ಟ. ನಂತರದ ಐವತ್ತರಲ್ಲಿ ರಾದೋವನ್ ನಲವತ್ತೈದನ್ನು ಹಿಡಿದ. ಉಳಿದ ಐದರಲ್ಲಿ ಮುಂದಕ್ಕೆ ಮರಳಿದ್ದು ಎರಡೇ. ಹಾಯೆಕ್ ಕೊನೆಯ ಹೊಡೆತ ಹೊಡೆದು ಹಿಮದ ಮೇಲೆಯೇ ಕುಳಿತುಬಿಟ್ಟ. ಅವನ ಮುಖ ಕೆಂಪಾಗಿತ್ತು, ಸಂತೋಷದಿಂದ ಉಬ್ಬಿತ್ತು.

“ಮೂವತ್ತೊಂದಕ್ಕೆ ಎರಡು! ಟೀಚರ್, ಅವರಪ್ಪನ ಹಲಗೆಯಿಂದಾನೇ ಅವರಿಗೆ ಹೊಡೀತೀನಿ. ಮೂರು ವರ್ಷ ಕೊಡದೇ ಹೇಗೆ ಹೋಗ್ತಾರೆ ನೋಡೇ ಬಿಡೋಣ. ಈಗ್ಲೇ ಫೋನ್ ಮಾಡ್ತೀನಿ.”

ಅವನು ಸ್ಕೇಟ್ಸ್ ಕಳಚಿ, ಬರೀ ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿ ಕಚೇರಿಗೆ ಓಡಿದ. ಸ್ಲಾವೋಮಿರ್ ಪೊರಕೆಯನ್ನು ಹೆಗಲ ಮೇಲಿಟ್ಟು ಸಿಳ್ಳೆ ಹಾಕಿದ.

ದ್ರಾಹೊಮಿರಾ ಸಿಳ್ಳೆಗೆ ತಲೆಯೆತ್ತಲಿಲ್ಲ. ಅವರ ನೋಟುಬುಕ್ಕಿನಲ್ಲಿ ಯಾರೂ ಕೇಳದಿದ್ದ ಇನ್ನೊಂದು ಕಾಲಂ ಇತ್ತು. ಪ್ರಯೋಗವೊಂದು ನಡೆಯುವಾಗ ಅಳೆಯಬಹುದಾದದ್ದನ್ನೆಲ್ಲ ಅಳೆಯುವುದು ಅವರ ಹಳೆಯ ಅಭ್ಯಾಸ. ಮಡಿಲಲ್ಲಿದ್ದ ಶಾಲೆಯ ಸ್ಟಾಪ್‌ವಾಚಿನಿಂದ, ರಾದೋವನ್ ಮೊಣಕಾಲೂರಿದ ಮೇಲೆ ಮತ್ತೆ ನೆಟ್ಟಗೆ ನಿಲ್ಲಲು ತೆಗೆದುಕೊಂಡ ಹೊತ್ತನ್ನು ಅವರು ಪ್ರತಿ ಸಲವೂ ಬರೆದುಕೊಂಡಿದ್ದರು. ಮೊದಲ ಹತ್ತರ ಸರಾಸರಿ ಒಂದು ಪಾಯಿಂಟ್ ಎರಡು ಸೆಕೆಂಡು. ಕೊನೆಯ ಹತ್ತರಲ್ಲಿ ಎರಡು ಸೆಕೆಂಡು. ಎಡ ಮೊಣಕಾಲಿನದ್ದಷ್ಟೇ ನೋಡಿದರೆ ಇನ್ನೂ ಹೆಚ್ಚು.

ಹಾಯೆಕ್‌ಗೆ ಈ ಕಾಲಂ ಇರುವುದು ತಿಳಿಯದು. ಹಾಳೆಯನ್ನು ನೀಟಾಗಿ ಮಡಿಸಿ ಹರಿದರೆ ಅಂಚು ಕೂಡ ಕಾಣಿಸದು. ನೂರಿಪ್ಪತ್ತೊಂದು ಸಲ ಅವರ ಕೈ ತಿಳಿಯದೆ ಅವನ ಪರವಾಗಿ ಗೀಟು ಹಾಕಿತ್ತು. ಈಗ ತಿಳಿದೂ ತಿಳಿದೂ ಒಂದು ಸಲ ಸುಮ್ಮನಿದ್ದರೆ ಅವನು ಮೂರು ವರ್ಷ ಊರಲ್ಲಿರುತ್ತಾನೆ. ಅವರ ಬೆರಳು ಹಾಳೆಯ ಅಂಚಿನ ಮೇಲೆ ಸ್ವಲ್ಪ ಹೊತ್ತು ನಿಂತಿತು.

“ರಾದೋವನ್, ಇಲ್ಲಿ ಬಾ. ಇದನ್ನ ನೋಡು.”

ಅವನು ಬೇಲಿಗೆ ಒರಗಿ, ಮುಖದ ಕವಚವನ್ನು ನೆತ್ತಿಯ ಮೇಲೇರಿಸಿ ಓದಿದ. ಕೂದಲಿನಿಂದ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಅವನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿದ.

“ಇದನ್ನ ಹಾಯೆಕ್‌ಗೆ ತೋರಿಸಿದ್ರಾ?”

“ಇಲ್ಲ. ಕಾಲು ನಿಂದು. ಹಾಳೆ ನಿನ್ನ ಕೈಗೇ ಕೊಡ್ತಿದೀನಿ, ಪೂರ್ತಿ. ನೀನೇ ತಗೊಂಡ್ಹೋಗು.”

“ಹರಿದು ತಗೊಂಡ್ಹೋದ್ರೆ?”

“ನೀನು ಹರಿದೆ ಅಂತ ನಂಗೆ ಗೊತ್ತಿರುತ್ತೆ. ಆದ್ರೂ ಬೈಯಲ್ಲ.”

“ನೀವು ಬೈಯಲ್ವಾ?” ರಾದೋವನ್ ಕಣ್ಣರಳಿಸಿದ. “ಹಾಗಾದ್ರೆ ನಿಜವಾಗ್ಲೂ ಕೆಟ್ಟದಾಗಿದೆ ಅಂತಾಯ್ತು ನನ್ನ ಮೊಣಕಾಲು.”

ಅವನು ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪ್ಯಾಡುಗಳನ್ನು ಬಿಚ್ಚಿದ. ಎಡಗಾಲಿನದ್ದನ್ನು ನಿಧಾನವಾಗಿ ಬಿಚ್ಚಿದ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಂಡ. ಕಚೇರಿಯ ಬಾಗಿಲು ಮುಚ್ಚಿತು.

“ಏನಮ್ಮ ಮಾಡ್ದೆ ನೀನು,” ಎಂದ ಸ್ಲಾವೋಮಿರ್. ಅವನ ದನಿಯಲ್ಲಿ ಬೈಗುಳವಿರಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ಅವರ ಕೈಗಿಟ್ಟ. ಎಂದೂ ಅರ್ಧ ಮುಚ್ಚಳಕ್ಕಿಂತ ಹೆಚ್ಚು ಕುಡಿಯದ ದ್ರಾಹೊಮಿರಾ ಅಂದು ಪೂರ್ತಿ ಕುಡಿದರು.

ಇಪ್ಪತ್ತು ನಿಮಿಷದ ನಂತರ ಬಾಗಿಲು ತೆರೆದಾಗ ಮೊದಲು ಕೇಳಿದ್ದು ಹಾಯೆಕ್‌ನ ದನಿ.

“ನೀವೇ ಹೇಳಿ ಟೀಚರ್! ಅಧ್ಯಕ್ಷರು ಅವರಪ್ಪನ ಹಲಗೆ ಅಂದ ತಕ್ಷಣ ಮೆತ್ತಗಾದ್ರು. ಮೂರಕ್ಕೆ ಒಪ್ಪಿದ್ರು. ಒಪ್ಪಿದ್ರು! ಇವನು ನನ್ನ ಕೈಯಿಂದ ಫೋನ್ ಕಿತ್ಕೊಂಡು, ಆ ಸೆಕೆಂಡುಗಳನ್ನೆಲ್ಲ ಓದಿ ಹೇಳಿ, ‘ಎರಡು ಸಾಕು’ ಅಂದ್ಬಿಟ್ಟ. ಇಂಥೋನನ್ನ ಎಲ್ಲಾದ್ರೂ ನೋಡಿದೀರಾ?”

“ಎರಡು ವರ್ಷ ಆ ಹಲಗೆ ಹತ್ರ ನಾನೇ ಗುದ್ದಾಡ್ತೀನಿ,” ಎಂದ ರಾದೋವನ್. “ಮೂರನೇ ವರ್ಷ ಅಲ್ಲಿ ನಿಲ್ಲೋನು ನಾನಾಗಿರಲ್ಲ, ನನ್ನ ಅಂಗಿ ಹಾಕ್ಕೊಂಡ ಯಾರೋ ಮುದುಕ ಆಗಿರ್ತಾನೆ. ಅವನ ಪರವಾಗಿ ನಾನ್ಯಾಕೆ ಸಹಿ ಹಾಕ್ಲಿ?”

“ಆಸ್ಟ್ರಿಯಾ?” ದ್ರಾಹೊಮಿರಾ ಕೇಳಿದರು.

“ಆಗಲ್ಲ ಅಂತ ಹೇಳ್ಬಿಟ್ಟೆ. ಎರಡು ವರ್ಷ ಆದ್ಮೇಲೆ ತರಬೇತುದಾರ ಬೇಕಾದೋರು ಬೇರೆ ಯಾರಾದ್ರೂ ಇದ್ದೇ ಇರ್ತಾರೆ.”

ದ್ರಾಹೊಮಿರಾ ಕನ್ನಡಕ ತೆಗೆದು ಒರೆಸಿದರು. ಅದು ಕೊಳೆಯಾಗಿರಲಿಲ್ಲ. ಕನ್ನಡಕ ಮತ್ತೆ ಮೂಗಿನ ಮೇಲೆ ಕುಳಿತಾಗ ಅವರು ಮತ್ತೆ ಟೀಚರ್ ಆಗಿದ್ದರು.

“ಹಾಯೆಕ್, ಇಪ್ಪತ್ತೆರಡು ಹಾಳೆಗಳನ್ನೂ ತಿದ್ದಿ ಲೀಗಿನ ಕಚೇರಿಗೆ ಕಳಿಸ್ಬೇಕು. ತಪ್ಪು ಎಣಿಸಿದವರ ಹೆಸರೂ ಹಾಕು. ಇನ್ನೊಂದು: ಮುಂದಿನ ವರ್ಷದಿಂದ ಹೊರಗೆ ಹೋಗೋದನ್ನ ಹಿಡಿದಿದ್ದಕ್ಕೆ ಬೇರೆ ಕಾಲಂ ಇರ್ಬೇಕು.”

“ಲೀಗಿನ ಹಾಳೇಲಿ ಅಂಥ ಕಾಲಂ ಇಲ್ಲ ಟೀಚರ್.”

“ಹಾಳೆಯ ಹಿಂಭಾಗ ಖಾಲಿ ಇದೆ. ಅದಕ್ಕೆ ಲೀಗಿನ ಅಪ್ಪಣೆ ಬೇಕಿಲ್ಲ.”

ರಾದೋವನ್ ಬೆಂಚಿನ ಮೇಲೆ ಕುಳಿತು ಮನೆಗೆ ಫೋನ್ ಹಚ್ಚಿದ. ಅವನ ಹೆಂಡತಿ ಬ್ಲಾಂಕಾಳದು ದೊಡ್ಡ ದನಿ. ಫೋನನ್ನು ಕಿವಿಯಿಂದ ದೂರ ಹಿಡಿದೇ ಮಾತಾಡುವುದು ಅವನಿಗೆ ರೂಢಿ. ಹಾಗಾಗಿ ಎಲ್ಲರಿಗೂ ಕೇಳಿಸಿತು.

“ಎರಡಾ? ನೀನೇ ಕೇಳಿದ್ಯಾ? ಮೂರು ಕೊಡ್ತೀವಿ ಅಂದ್ರೂ?”

“ಹೂಂ.”

ರಾದೋವನ್ ಎಡ ಮೊಣಕಾಲನ್ನು ಅಂಗೈಯಿಂದ ಉಜ್ಜುತ್ತ ಕಾದ.

“ಅಂದ್ರೆ ಮೂರನೇ ವರ್ಷದಿಂದ ಪಂದ್ಯ ಇಲ್ದೆ ಶನಿವಾರ ಎಲ್ಲಾ ಮನೇಲಿರ್ತೀಯ,” ಎಂದಳು ಬ್ಲಾಂಕಾ. “ದೇವ್ರೇ, ನಿಂಗೆ ಈಗಿನಿಂದ್ಲೇ ಅಡುಗೆ ಕಲಿಸ್ಬೇಕು. ಬರ್ತಾ ಬ್ರೆಡ್ ತಗೊಂಡ್ ಬಾ. ಬೇಗ ಬಾ.”